ಫೋನಿನಲ್ಲಿ ಕರೆದರೆ ಬರುವುದಿಲ್ಲ

ನಾಲ್ಕು ಜನ ಒಂದೇ ಅಭಿಪ್ರಾಯದವರು ಒಂದು ವಾಟ್ಸಾಪ್ ಗುಂಪಿನಲ್ಲಿ ಸೇರಿದರೆ ಜಗಳವೇ ಇರುವುದಿಲ್ಲ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಗುಂಪಿನಲ್ಲಿ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಕೊನೆಗೆ ಅದು ನನ್ನ ಮಗಳ ಮದುವೆಗೆ ನನ್ನ ಗೆಳೆಯರೇ ಬರುತ್ತಾರೋ ಇಲ್ಲವೋ ಎನ್ನುವವರೆಗೂ ಬಂತು.

ನಾನು ಬರೆಯುತ್ತಿರುವುದು ಇದೇ ಮೊದಲು. ಅದಕ್ಕೆ ಯಾರು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ನಾನು ಊಟಿಯ ಹತ್ತಿರದ ತುಮ್ಮನಟ್ಟಿಯಲ್ಲಿ ಕ್ಯಾರೆಟ್ ಬೆಳೆಯುವವನು. ಗುಂಪು ಕಟ್ಟಿದವರು ಊಟಿಯಲ್ಲಿರುವ ನಿವೃತ್ತ ಮೇಷ್ಟ್ರು, ನನಗೇ ಪಾಠ ಹೇಳಿದವರು. ಇನ್ನೊಬ್ಬ ಎಮರಾಲ್ಡ್ ಅಣೆಕಟ್ಟಿನ ಹತ್ತಿರ ಕರೆಂಟಿನ ಕೆಲಸದಲ್ಲಿರುವವನು, ನನಗಿಂತ ಚಿಕ್ಕವನು. ಅವನನ್ನು ನಾವು ಕರೆಂಟು ಎಂದೇ ಕರೆಯುತ್ತೇವೆ. ಕೊನೆಯವರು ಗೂಡಲೂರಿನಲ್ಲಿ ದಿನಸಿ ಅಂಗಡಿ ಇಟ್ಟವರು. ಗುಂಪಿನ ಹೆಸರು 'ಹಿಂದಿನ ಕ್ರಮ'. ಹಿಂದಿನವರು ನಡೆದುಕೊಂಡ ಹಾಗೆ ನಡೆಯಬೇಕು ಎನ್ನುವುದು ನಮ್ಮೆಲ್ಲರ ನಂಬಿಕೆ. ಈಗಲೂ ಅದೇ ನಂಬಿಕೆ, ಇಷ್ಟೆಲ್ಲ ಆದ ಮೇಲೂ. ಇನ್ನೊಂದು ಮಾತು. ನಾವು ಮಾತಾಡುವುದು ಬೆಟ್ಟದ ಮಾತು, ಅದರಲ್ಲಿ ಅರ್ಧ ತಮಿಳು. ಓದುವವರಿಗೆ ತಿಳಿಯಲೆಂದು ಇಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೇನೆ.

1. ವಿರೋಧಿಸುವ ಸರದಿ

ಮೊದಲ ತಿಂಗಳು ಗುಂಪು ಬಹಳ ಚೆನ್ನಾಗಿತ್ತು. ಮೇಷ್ಟ್ರು ಬೆಳಿಗ್ಗೆ "ಈಗಿನವರಿಗೆ ಹಿರಿಯರೆಂದರೆ ಗೌರವವಿಲ್ಲ" ಎಂದು ಹಾಕುತ್ತಿದ್ದರು. ನಾವು ಮೂವರೂ "ನಿಜ" ಎನ್ನುತ್ತಿದ್ದೆವು. ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು. ಎಲ್ಲರೂ ಒಪ್ಪಿದ ಮೇಲೆ ಇನ್ನೇನು ಮಾತಾಡುವುದು?

ಗುಂಪು ಸಾಯುತ್ತಿದೆ ಎಂದು ಮೇಷ್ಟ್ರಿಗೆ ಚಿಂತೆಯಾಯಿತು. ಯೋಚಿಸಿ ಒಂದು ದಾರಿ ಕಂಡುಹಿಡಿದರು. ವಾರದಲ್ಲಿ ನಾಲ್ಕು ದಿನ, ದಿನಕ್ಕೊಬ್ಬರು ಸರದಿಯ ಮೇಲೆ ವಿರೋಧಿಸಬೇಕು. ನಿಜವಾಗಿ ಅಲ್ಲ, ಚರ್ಚೆ ನಡೆಯಲಿ ಎಂದು. ಸೋಮವಾರ ನನ್ನ ಸರದಿ. ಭಾನುವಾರ ಅಂಗಡಿಯವರದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಸೋಮವಾರ ಮೇಷ್ಟ್ರು, "ಊಟದ ಹೊತ್ತಿನಲ್ಲಿ ಯಾರ ಕೈಯಲ್ಲೂ ಫೋನ್ ಇರಬಾರದು" ಎಂದು ಹಾಕಿದರು. ನನಗೆ ಇದು ನೂರಕ್ಕೆ ನೂರು ಒಪ್ಪಿಗೆ. ಆದರೂ ಕರ್ತವ್ಯವೆಂದು, "ಇದ್ದರೆ ತಪ್ಪೇನು?" ಎಂದು ಬರೆದೆ.

ಅಷ್ಟೇ. ಮೂವರೂ ಮೇಲೆ ಬಿದ್ದರು. ಮೇಷ್ಟ್ರು ನಾನು ಆರನೇ ತರಗತಿಯಲ್ಲಿ ಪದ್ಯ ಒಪ್ಪಿಸಲಾಗದೆ ಅತ್ತದ್ದನ್ನು ಎತ್ತಿದರು. ನಾನು ಬಿಡದೆ ಉತ್ತರ ಕೊಟ್ಟೆ. ಅರ್ಧ ಗಂಟೆಯಾದ ಮೇಲೆ ಕರೆಂಟು ಸರದಿಯ ವಿಷಯವನ್ನೇ ಮರೆತು, ಗಾಬರಿಯಿಂದ ನನ್ನ ಹೆಂಡತಿಗೆ ಫೋನ್ ಮಾಡಿದ.

"ಅತ್ತಿಗೆ, ಅಣ್ಣನಿಗೆ ಏನಾಗಿದೆ? ಹೀಗೆಲ್ಲ ಮಾತಾಡುವವರಲ್ಲ. ಮೈ ಹುಷಾರಿದೆಯಾ?"

ನನ್ನ ಹೆಂಡತಿ ನನ್ನ ಕಡೆ ನೋಡಿ ಹೇಳಿದಳು: "ಹುಷಾರಾಗೇ ಇದ್ದಾರಪ್ಪ. ಊಟಕ್ಕೆ ಕೂತಿದ್ದಾರೆ, ಕೈಯಲ್ಲಿ ಫೋನಿದೆ, ಅನ್ನ ಆರಿಹೋಗಿದೆ."

2. ಶುಕ್ರವಾರದ ತಟ್ಟೆ

ಆಮೇಲೆ ಮೇಷ್ಟ್ರು ಇನ್ನೊಂದು ಕ್ರಮ ತಂದರು. ಶುಕ್ರವಾರ ಎಲ್ಲರೂ ಹಿಂದಿನವರ ಊಟ ಮಾಡಬೇಕು. ರಾಗಿ ಮುದ್ದೆ, ಸಾಮೆ ಅನ್ನ, ಅವರೆ ಸಾರು, ಹೀಗೆ ಯಾವುದಾದರೂ ಸರಿ. ತಟ್ಟೆಯ ಫೋಟೋ ಗುಂಪಿಗೆ ಹಾಕಬೇಕು. ಹಿಂದಿನವರು ಊಟದ ಫೋಟೋ ತೆಗೆಯುತ್ತಿದ್ದರೇ ಎಂದು ಯಾರೂ ಕೇಳಲಿಲ್ಲ. ಅವತ್ತು ಯಾರದೂ ವಿರೋಧದ ಸರದಿ ಇರಲಿಲ್ಲ.

ಎಲ್ಲರಿಗಿಂತ ಮೊದಲು ಕರೆಂಟಿನ ಫೋಟೋ ಬರುತ್ತಿತ್ತು. ಮುದ್ದೆ, ಸಾರು, ಪಕ್ಕದಲ್ಲಿ ಕಿಟಕಿ, ಕಿಟಕಿಯಾಚೆ ಚಹಾ ಗಿಡಗಳ ನಡುವೆ ಒಂದು ಕಾಟಿ. ಕಾಟಿ ಎಂದರೆ ಕಾಡೆಮ್ಮೆ. ನಮ್ಮ ಕಡೆ ಅವು ಮನೆಯಂಗಳಕ್ಕೇ ಬರುತ್ತವೆ, ಅದರಲ್ಲಿ ವಿಶೇಷವಿಲ್ಲ. ಮೇಷ್ಟ್ರು ಪ್ರತಿ ವಾರ ಅವನನ್ನು ಹೊಗಳಿ, ನಮಗಿಬ್ಬರಿಗೆ "ಅವನನ್ನು ನೋಡಿ ಕಲಿಯಿರಿ" ಎನ್ನುತ್ತಿದ್ದರು.

ಐದನೇ ಶುಕ್ರವಾರ ಅಂಗಡಿಯವರು ಧ್ವನಿ ಸಂದೇಶ ಕಳಿಸಿದರು. ಅವರು ಬರೆಯುವುದಿಲ್ಲ, ಗಿರಾಕಿಗೆ ಅಕ್ಕಿ ತೂಗುತ್ತಲೇ ಮಾತಾಡಿ ಕಳಿಸುತ್ತಾರೆ.

"ಅಲ್ಲಪ್ಪಾ ಕರೆಂಟು, ಒಂದು ಸಂಶಯ. ಐದು ವಾರದಿಂದ ನಿನ್ನ ಕಿಟಕಿಯಲ್ಲಿ ಅದೇ ಕಾಟಿ, ಅದೇ ಜಾಗದಲ್ಲಿ, ಅದೇ ಕಾಲು ಎತ್ತಿಕೊಂಡು ನಿಂತಿದೆಯಲ್ಲ?"

ಒಂದೇ ಫೋಟೋವನ್ನು ಐದು ವಾರ ಹಾಕಿದ್ದಾನೆಂದು ನನಗೂ ಆಗಲೇ ಹೊಳೆದದ್ದು. ಕಾಲು ಗಂಟೆಯ ನಂತರ ಕರೆಂಟಿನ ಉತ್ತರ ಬಂತು:

"ಅದೂ ನಮ್ಮ ಹಾಗೆ ಸಂಪ್ರದಾಯದ ಕಾಟಿ. ವಾರ ತಪ್ಪಿಸುವುದಿಲ್ಲ."

3. ನಾನೇ ತೋಡಿಕೊಂಡ ಹಳ್ಳ

ಇದು ನಗುವ ವಿಷಯವೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಆದರೆ ಇದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಯಾರೋ ಮೇಷ್ಟ್ರಿಗೆ ಮದುವೆ ಕಾಗದದ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿ, "ಇದನ್ನೇ ಆಹ್ವಾನವೆಂದು ತಿಳಿದು ಬನ್ನಿ" ಎಂದಿದ್ದರಂತೆ. ಮೇಷ್ಟ್ರು ಕೆಂಡವಾದರು. ಅಂದೇ ಗುಂಪಿನಲ್ಲಿ ನಿರ್ಣಯವಾಯಿತು. ಕರೆಯುವ ಮನೆಯ ಯಜಮಾನನೇ ನಮ್ಮ ಮನೆಗೆ ಬಂದು, ಒಳಗೆ ಕೂತು, ಏನಾದರೂ ಕುಡಿದು, ನಮ್ಮ ಮನೆಯ ಯಜಮಾನನನ್ನೇ ಕರೆಯಬೇಕು. ಫೋನಿನಲ್ಲಿ ಕರೆದವರ ಮದುವೆಗೆ ನಾವು ಯಾರೂ ಹೋಗಬಾರದು.

ನಾನು ಅಲ್ಲಿಗೇ ಸುಮ್ಮನಿರಬಹುದಿತ್ತು. ಉತ್ಸಾಹ ತಡೆಯಲಿಲ್ಲ. "ಬರುತ್ತೇನೆಂದು ಮುಂಚೆ ಫೋನ್ ಮಾಡುವುದೂ ಬೇಡ. ನಮ್ಮ ಅಜ್ಜಂದಿರು ಕೇಳಿಕೊಂಡು ಬರುತ್ತಿದ್ದರಾ?" ಎಂದು ಸೇರಿಸಿದೆ. ಮೇಷ್ಟ್ರಿಗೆ ಅದು ಎಷ್ಟು ಹಿಡಿಸಿತೆಂದರೆ, ನನ್ನ ಹೆಸರಿನ ಸಮೇತ ಅದನ್ನು ಗುಂಪಿನ ನೆತ್ತಿಯ ಮೇಲೆ ಕಾಣುವ ಹಾಗೆ ಅಂಟಿಸಿದರು.

ಅದಾದ ಹದಿನೈದು ದಿನಕ್ಕೆ ನನ್ನ ಮಗಳ ಮದುವೆ ನಿಶ್ಚಯವಾಯಿತು.

ನನ್ನ ತಂದೆ ಈಗಿಲ್ಲ. ಅವರ ಜಾಗದಲ್ಲಿ ಕೂತು ಮಗಳ ಹಣೆಗೆ ವಿಭೂತಿ ಇಡಬೇಕಾದವರು ಮೇಷ್ಟ್ರೇ ಎಂದು ಮಗಳೂ ನಾನೂ ಮೊದಲೇ ನಿಶ್ಚಯಿಸಿದ್ದೆವು. ಅವರು ಬರದಿದ್ದರೆ ಅದು ನನಗೆ ಮದುವೆಯಂತೆಯೇ ಅನ್ನಿಸುವುದಿಲ್ಲ. ಆದರೆ ಕ್ಯಾರೆಟ್ ಕೀಳುವ ಸಮಯ, ಕಲ್ಯಾಣ ಮಂಟಪದ ಓಡಾಟ. ಎಮರಾಲ್ಡ್ ಒಂದು ಮೂಲೆ, ಗೂಡಲೂರು ಘಾಟಿಯ ಕೆಳಗೆ ಇನ್ನೊಂದು ಮೂಲೆ. ಮೂರು ವಾರ ಹಾಗೇ ಕಳೆಯಿತು. ಗುಂಪಿನಲ್ಲಿ ಮದುವೆ ಎಂಬ ಮಾತೇ ಬಾರದಂತೆ ಹುಷಾರಾಗಿದ್ದೆ.

"ಒಂದು ಮೆಸೇಜ್ ಹಾಕಿದರೆ ಮುಗಿಯಿತಲ್ಲ" ಎಂದಳು ಹೆಂಡತಿ.

"ಹಾಕಿದರೆ ಬರುವುದಿಲ್ಲ. ನಿಯಮ."

"ಯಾರು ಮಾಡಿದ ನಿಯಮ?"

ನಾನು ಎದ್ದು ಕ್ಯಾರೆಟ್ ತೋಟಕ್ಕೆ ಹೋದೆ.

4. ಮೂರು ಮನೆ, ಒಂದು ಭಾನುವಾರ

ಕೊನೆಗೆ ಒಂದು ಭಾನುವಾರ ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದೆ. ಫೋನನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ. ಇದ್ದರೆ "ಮನೆಯಲ್ಲಿದ್ದೀರಾ?" ಎಂದು ಕೇಳಿಬಿಡುವ ಆಸೆಯಾಗುತ್ತದೆ.

ಊಟಿಯಲ್ಲಿ ಮೇಷ್ಟ್ರ ಮನೆಗೆ ಬೀಗ. ಪಕ್ಕದ ಮನೆಯಾಕೆ, "ಹೆಂಡತಿ ದೇವಸ್ಥಾನಕ್ಕೆ, ಅವರು ಇನ್ನೆಲ್ಲಿಗೋ" ಎಂದರು.

ಎಮರಾಲ್ಡಿನಲ್ಲಿ ಕರೆಂಟೂ ಇರಲಿಲ್ಲ. ಅವನ ಹೆಂಡತಿ ಚಹಾ ಕೊಟ್ಟಳು. ಎಲ್ಲಿಗೆ ಹೋದನೆಂದು ಕೇಳಿದೆ.

"ಯಾರ ಹತ್ತಿರವೂ ಹೇಳಬೇಡ ಅಂದಿದ್ದಾರೆ ಅಣ್ಣ."

"ನನ್ನ ಹತ್ತಿರವೂ?"

"ನಿಮ್ಮ ಹತ್ತಿರ ಮುಖ್ಯವಾಗಿ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಯಾಕೆ ನಕ್ಕಳೆಂದು ತಿಳಿಯಲಿಲ್ಲ. ಯಜಮಾನನಿಲ್ಲದೆ ಕಾಗದ ಕೊಡುವ ಹಾಗಿಲ್ಲ. ಚಹಾ ಮಾತ್ರ ಕುಡಿದು ಎದ್ದೆ.

ಗೂಡಲೂರಿಗೆ ಇಳಿಯುವಷ್ಟರಲ್ಲಿ ಘಾಟಿಯ ತಿರುವುಗಳನ್ನು ಎಣಿಸಿ ಎಣಿಸಿ ಸಾಕಾಗಿತ್ತು. ದಿನಸಿ ಅಂಗಡಿ ಮುಚ್ಚಿತ್ತು. ಎದುರಿನ ಚಹಾದಂಗಡಿಯವನು, "ಚೇಟನ್ ಬೆಳಿಗ್ಗೆಯೇ ಊಟಿ ಬಸ್ಸಿನಲ್ಲಿ ಹೋದರಲ್ಲ" ಎಂದ. ಚೇಟನ್ ಎಂದರೆ ಮಲಯಾಳದಲ್ಲಿ ಅಣ್ಣ. ನಾನು ಇಳಿದ ದಾರಿಯಲ್ಲೇ ಅವರು ಹತ್ತಿದ್ದರು.

ಚೀಲದಲ್ಲಿ ಮೂರು ಕಾಗದವೂ ಹಾಗೇ ಇದ್ದವು. ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ.

ಒಳಗೆ ಮೂವರೂ ಕೂತಿದ್ದರು. ಬೆಳಿಗ್ಗೆಯಿಂದ ಕೂತಿದ್ದರಂತೆ. ಮಧ್ಯಾಹ್ನದ ಊಟವಾಗಿತ್ತು, ಎರಡನೇ ಚಹಾ ನಡೆದಿತ್ತು.

"ಮದುವೆ ಗೊತ್ತಾಗಿ ಮೂರು ವಾರವಾಯಿತು, ನೀನು ಕರೆಯಲು ಬರಲಿಲ್ಲ" ಎಂದರು ಮೇಷ್ಟ್ರು. "ನಮ್ಮ ಮೇಲೆ ಏನಾದರೂ ಬೇಸರವಾ ಎಂದು ಕೇಳೋಣವೆಂದರೆ ಫೋನ್ ಮಾಡುವ ಹಾಗಿಲ್ಲ. ನಿನ್ನದೇ ನಿಯಮ. ಅದಕ್ಕೆ ಹೇಳದೆ ಬಂದೆವು."

"ನಾನೂ ಹೇಳದೆ ನಿಮ್ಮ ಮನೆಗೇ ಹೋಗಿದ್ದೆ ಮೇಷ್ಟ್ರೇ!"

"ಗೊತ್ತು, ನಿನ್ನ ಹೆಂಡತಿ ಹೇಳಿದಳು. ನಾವು ಅಲ್ಲಿಗೆ ಹೊರಟು, ನೀನು ಇಲ್ಲಿಗೆ ಬಂದರೆ ಏನು ಮಾಡುವುದೆಂದು ಅಲ್ಲಾಡದೆ ಕೂತೆವು."

ಕಣ್ಣಲ್ಲಿ ನೀರು ಬರುವ ಹಾಗಾಯಿತು. ಚೀಲದಿಂದ ಕಾಗದ ತೆಗೆದು ಎರಡು ಕೈಯಲ್ಲಿ ಹಿಡಿದು ನೀಡಿದೆ. ಮೇಷ್ಟ್ರು ಕೈ ಹಿಂದಕ್ಕೆ ಎಳೆದುಕೊಂಡರು.

"ಇಲ್ಲಿ ಹೇಗೆ ತೆಗೆದುಕೊಳ್ಳಲಿ? ಕರೆಸಿಕೊಳ್ಳುವವನ ಮನೆಯಲ್ಲಿ ಕರೆಯಬೇಕು. ಇದು ನಿನ್ನ ಮನೆ."

"ಹಾಗಾದರೆ ಅಣ್ಣ ನಾಳೆ ಮತ್ತೆ ಹೊರಡಬೇಕಾ?" ಎಂದ ಕರೆಂಟು. ಗೂಡಲೂರಿನ ತಿರುವುಗಳು ನೆನಪಾಗಿ ನಾನು ಗೋಡೆ ಹಿಡಿದುಕೊಂಡೆ.

ಆಗ ಅಡುಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. "ಮೂರು ವಾರದ ಹಿಂದೆಯೇ ನಮ್ಮ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಕಾಗದದ ಫೋಟೋ ಹಾಕಿ ಕರೆದಿದ್ದೇನೆ. ಇಲ್ಲದಿದ್ದರೆ ಮದುವೆಯ ಸುದ್ದಿ ನಿಮಗೆ ಹೇಗೆ ಗೊತ್ತಾಯಿತು ಅಂದುಕೊಂಡಿರಿ? ನಿಮ್ಮ ಹೆಂಡತಿಯರು ಮೂವರೂ ಬರುತ್ತೇವೆ ಅಂದಿದ್ದಾರೆ, ಸೀರೆಯೂ ತಂದಾಗಿದೆ. ನೀವು ನಿಯಮ ಹಿಡಿದುಕೊಂಡು ಮನೆಯಲ್ಲೇ ಇರಿ. ಅವತ್ತು ಒಲೆ ಹಚ್ಚುವವರು ಮಾತ್ರ ಇರುವುದಿಲ್ಲ."

ಮೇಷ್ಟ್ರು ಚಹಾದ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. "ಮನೆಯಾಕೆಯನ್ನು ಕರೆದರೆ ಮನೆಯನ್ನೇ ಕರೆದಂತೆ. ಹಿಂದಿನವರೂ ಹೀಗೇ ತಿಳಿದಿರಬೇಕು. ನಿಯಮಕ್ಕೆ ಇದನ್ನು ಸೇರಿಸೋಣ. ಯಾರಾದರೂ ವಿರೋಧಿಸುತ್ತೀರಾ?"

ಅವತ್ತು ಭಾನುವಾರ. ಎಲ್ಲರೂ ಅಂಗಡಿಯವರ ಕಡೆ ನೋಡಿದೆವು. ಸರದಿ ಅವರದು, ವಿರೋಧಿಸಲೇಬೇಕು.

ಅಂಗಡಿಯವರು ಒಮ್ಮೆ ನನ್ನ ಹೆಂಡತಿಯನ್ನು ನೋಡಿದರು. ಒಮ್ಮೆ ಅವಳ ಕೈಯಲ್ಲಿದ್ದ ಫೋನನ್ನು ನೋಡಿದರು. ಅದರಲ್ಲಿರುವ ಹೆಂಗಸರ ಗುಂಪಿನಲ್ಲಿ ಅವರ ಹೆಂಡತಿಯೂ ಇದ್ದಾರಲ್ಲ.

"ಮೇಷ್ಟ್ರೇ," ಎಂದರು ಕೈ ಮುಗಿದು, "ನನ್ನ ಸರದಿಯನ್ನು ಶುಕ್ರವಾರದ ಆ ಕಾಟಿಗೆ ಕೊಟ್ಟುಬಿಡಿ. ಅದಕ್ಕೆ ಮದುವೆಯಾಗಿಲ್ಲ."