ಉಡಿ ತುಂಬಿಸಿಕೊಂಡ ದೆವ್ವ

ಈಗಿನ ದೆವ್ವಗಳಿಗೆ ದುಡ್ಡು ಜಾಸ್ತಿಯಾಗಿದೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಒಂದು ದೆವ್ವದ ಸಿನಿಮಾ ತೋರಿಸಿದಳು. ದೆವ್ವ ಗೋಡೆ ಹತ್ತಿತು, ಛಾವಣಿಗೆ ಜೋತುಬಿತ್ತು, ಬಾಯಿಂದ ರಕ್ತದ ಕಾಲುವೆಯನ್ನೇ ಹರಿಸಿತು. ನಾನು ನೋಡುತ್ತ ನೋಡುತ್ತ ಒಂದು ಬುಟ್ಟಿ ಶೇಂಗಾ ಸುಲಿದು ಮುಗಿಸಿದೆ. "ಹೆದರಿಕಿ ಬರಲಿಲ್ಲೇನ ಆಯಿ?" ಎಂದು ಕೇಳಿದಳು. ಏನು ಹೆದರುವುದು? ಎಲ್ಲವನ್ನೂ ಅವರೇ ಮಾಡಿ ತೋರಿಸಿಬಿಟ್ಟರೆ ನೋಡುವವರಿಗೆ ಕೆಲಸವೇ ಉಳಿಯುವುದಿಲ್ಲ. ನಮ್ಮ ಕಾಲದ ದೆವ್ವಗಳು ಬಡವರು. ಇದ್ದದ್ದು ಒಂದು ಬಿಳಿ ಸೀರೆ, ಒಂದಿಷ್ಟು ಹೊಗೆ, ಕಿರ್ರೆನ್ನುವ ಒಂದು ಬಾಗಿಲು. ಅವು ಅರ್ಧ ಹೆದರಿಸುತ್ತಿದ್ದವು, ಉಳಿದರ್ಧ ನಾವೇ ಹೆದರಿಕೊಳ್ಳಬೇಕಾಗಿತ್ತು. ಬಡವರ ಮದುವೆಗೆ ಓಣಿಯವರೆಲ್ಲ ಪಾತ್ರೆ ಪಡಗ ಕೊಟ್ಟು ನಡೆಸಿಕೊಟ್ಟ ಹಾಗೆ, ಆ ಸಿನಿಮಾಗಳನ್ನು ನಾವು ನಮ್ಮ ಹೆದರಿಕೆ ಕೊಟ್ಟು ನಡೆಸಿಕೊಡುತ್ತಿದ್ದೆವು.

ಇದು ಸವಣೂರಿನ ಮಾತು, ಎಂಬತ್ತರ ದಶಕದ್ದು. ನಾನು ಚಿಕ್ಕೇರೂರಿನ ಹೊಲದ ಮನೆಯಿಂದ ಸವಣೂರಿನ ಎಲೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವಳು. ನನ್ನ ಓದಿನ ಮಾತು ಕೇಳಬೇಡಿ; ಎರಡನೆಯ ಇಯತ್ತೆಯಲ್ಲಿದ್ದಾಗ ನಮ್ಮ ಎಮ್ಮೆ ಕರು ಹಾಕಿತು, ನನ್ನ ಶಾಲೆ ಮುಗಿಯಿತು. ನಮ್ಮ ಮನೆಯವರು ತೋಟಗಳಿಂದ ವೀಳ್ಯದೆಲೆ ಕೊಂಡು ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನ ಪಾನ್ ಅಂಗಡಿಗಳಿಗೆ ಕಳಿಸುತ್ತಿದ್ದರು. ಎಲೆ ಆರಿಸುವುದು, ಒಂದರ ಮೇಲೊಂದು ಹೊಂದಿಸಿ ಕಟ್ಟು ಕಟ್ಟುವುದು ಹೆಂಗಸರ ಪಾಲು. ಒಮ್ಮೆ ಹುಬ್ಬಳ್ಳಿಗೆ ಹೋದವರು ಟೀವಿ ಹೊತ್ತು ತಂದರು. ಕಪ್ಪು ಬಿಳುಪಿನದು, ಮುಂದೆ ಕಪಾಟಿನ ಹಾಗೆ ಬಾಗಿಲು. ನಮ್ಮ ಓಣಿಗೆ ಅದೇ ಮೊದಲನೆಯದು. ಅವರಿಗೆ ಬೇಕಾಗಿದ್ದದ್ದು ದಿಲ್ಲಿಯ ಸುದ್ದಿ, ಅಂದರೆ ದಿಲ್ಲಿಯ ಸುದ್ದಿ ನೋಡುವ ಮನುಷ್ಯ ಎಂಬ ಹೆಸರು. ನಮಗೆ ಸಿಕ್ಕಿದ್ದು ಶನಿವಾರ ತಡರಾತ್ರಿಯ ಹಿಂದಿ ಸಿನಿಮಾ. ಅದರಲ್ಲಿ ನಡುನಡುವೆ ದೆವ್ವದ್ದು ಬರುತ್ತಿತ್ತು. ದೆವ್ವದ್ದು ಎಂದು ಗೊತ್ತಾದ ದಿನ ಓಣಿಯ ಹೆಂಗಸರೆಲ್ಲ ಊಟ ಮುಗಿಸಿ ನಮ್ಮ ಪಡಸಾಲೆಗೆ ಬಂದು, ಎಲೆಯ ಬುಟ್ಟಿಗಳ ಸುತ್ತ ಕೂಡುತ್ತಿದ್ದರು. ಸಿನಿಮಾ ನೋಡುವುದಕ್ಕೆ ಬದಲಾಗಿ ಎಲೆ ಕಟ್ಟಿಕೊಡುವುದು.

ನಮಗೆ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಪಕ್ಕದ ಮನೆಯ ಮೆಹಬೂಬಿಗೆ ಬರುತ್ತಿತ್ತು. ಆಕೆ ಮುಂದೆ ಕುಳಿತು ಎಲ್ಲರಿಗೂ ಬಿಡಿಸಿ ಹೇಳುವಳು. ಹೀರೋ ಎಷ್ಟು ಹೊತ್ತು ಮಾತಾಡಿದರೂ, "ಏನಿಲ್ಲ, ಸುಮ್ನ ಹೊಯ್ಕೊಳ್ಳಾಕತ್ತಾನ" ಎಂದು ಮುಗಿಸಿಬಿಡುವಳು. ದೆವ್ವ ಒಂದೇ ಒಂದು ಉಸಿರು ಬಿಟ್ಟರೆ ಮಾತ್ರ, "ಏನಂತಾಳ ಗೊತ್ತೇನ್ರಿ ಅಕ್ಕಾ? ನನ್ನ ಬಂಗಾರೆಲ್ಲಾ ಕಸಗೊಂಡು ನನ್ನ ಬಾವ್ಯಾಗ ನೂಕಿದ್ರು, ಅತ್ತಿ ನೋಡಿಕೋತ ನಿಂತಿದ್ಲು, ಅಂತಾಳ!" ಎನ್ನುವಳು. ಒಂದು ಉಸಿರಿನಲ್ಲಿ ಅಷ್ಟೆಲ್ಲ ಹೇಗೆ ಹಿಡಿಸಿತು ಎಂದು ನಾವು ಕೇಳಲಿಲ್ಲ. ಅತ್ತೆಯಂದಿರ ವಿಷಯಕ್ಕೆ ಸಾಕ್ಷಿ ಕೇಳುವ ರೂಢಿ ನಮ್ಮ ಓಣಿಯಲ್ಲಿ ಇರಲಿಲ್ಲ. ಸಿನಿಮಾ ಬೇರೆಯಾದರೂ ಬಂಗಲೆ ಅದೇ ಇರುತ್ತಿತ್ತು. "ಇದು ಆವತ್ತಿನ ಮನಿ, ಸುಣ್ಣ ಹಚ್ಯಾರ ಅಷ್ಟ" ಎಂದು ನಮ್ಮ ಅತ್ತೆ ಗುರುತು ಹಿಡಿಯುತ್ತಿದ್ದರು. ಬಾವಲಿ ಹಾರಿದರೆ ಅದರ ದಾರವೂ ಕಾಣುತ್ತಿತ್ತು. ನೂರು ವರ್ಷದ ಹಿಂದೆ ಸತ್ತ ಒಬ್ಬಳ ಕೈಯಲ್ಲಿ ಗಡಿಯಾರ ಇತ್ತು. ನಾನು ತೋರಿಸಿದರೆ ಮೆಹಬೂಬಿ, "ಸರಿಯಾಗಿ ಹನ್ನೆರಡಕ್ಕ ಬರಬೇಕಲ್ರಿ, ಹೊತ್ತು ಹೆಂಗ ಗೊತ್ತಾಗಬೇಕು?" ಎಂದಳು. ಅಷ್ಟು ಕಂಡರೂ ಹೆದರಿಕೆಗೇನೂ ಕಡಿಮೆಯಿರಲಿಲ್ಲ. ಬಾಗಿಲು ಕಿರ್ರೆಂದರೆ ಎಲ್ಲರೂ ಒಟ್ಟಿಗೆ ಚೀರುತ್ತಿದ್ದೆವು. ನನಗೆ ಬೇಕಾಗಿದ್ದದ್ದೂ ಅದೇ. ಹೆಂಗಸು ಹಗಲು ಚೀರಿದರೆ ಗಯ್ಯಾಳಿ; ಆ ಹೊತ್ತಿನಲ್ಲಿ ಚೀರಿದರೆ ಸಿನಿಮಾ. ವಾರವೆಲ್ಲ ನುಂಗಿಕೊಂಡದ್ದನ್ನು ಶನಿವಾರ ಚೀರಿ ಹಗುರಾಗುತ್ತಿದ್ದೆ.

ಮೊದಲನೆಯ ಸಿನಿಮಾ ಮುಗಿದ ಬೆಳಗ್ಗೆಯೇ ಅತ್ತೆ ಒಂದು ತಕರಾರು ತೆಗೆದರು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿದೇ ಕಳಿಸುವ ಹಾಗಿಲ್ಲ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬಸದ ಖಣ ಹಾಕಿ ಉಡಿ ತುಂಬಿ ಕಳಿಸಬೇಕು. "ಆ ಹುಡುಗಿ ಮುತ್ತೈದಿಯಾಗಿ ಸತ್ತಾಕಿ. ನಮ್ಮ ಪಡಸಾಲ್ಯಾಗ ಅಷ್ಟೊತ್ತು ಅತ್ತು ಹೋದ್ಲು. ಬರಿ ಉಡಿಲೆ ಕಳಿಸಿದ್ರ ಮನಿಗೆ ಒಳ್ಳೇದಲ್ಲವಾ ನೀಲವ್ವಾ" ಎಂದರು. ದೆವ್ವ ದಿಲ್ಲಿಯಲ್ಲಿದೆ ಎಂದರೆ ಕೇಳಲಿಲ್ಲ. "ನಾ ಕಂಡಿದ್ದು ಇಲ್ಲೆ." ಉಡಿ ಇಲ್ಲದಿದ್ದರೆ ಟೀವಿಯೂ ಇಲ್ಲ ಎಂದರು. ಟೀವಿಗೆ ಉಡಿ ಎಲ್ಲಿಂದ ಬರಬೇಕು? ಧೂಳು ಕೂಡಬಾರದೆಂದು ಅದಕ್ಕೆ ಹೊದಿಸಿದ್ದ ಕಸೂತಿಯ ಬಟ್ಟೆಯ ತುದಿಯನ್ನೇ ಸೆರಗು ಎಂದು ಹಿಡಿದು ತುಂಬುವುದಾಯಿತು. ಅತ್ತೆ ಗಂಡನಿಲ್ಲದವರು, ತಾವು ತುಂಬುವ ಹಾಗಿಲ್ಲ. ಹಾಗಾಗಿ ಹುಕುಂ ಅವರದು, ಕೈ ನನ್ನದು. ಮೆಹಬೂಬಿ ಹುಲಗೂರಿನ ದರ್ಗಾದಿಂದ ತಂದ ಊದುಬತ್ತಿ ಹಚ್ಚಿದಳು. ಯಾವ ದೆವ್ವ ಯಾವ ಜಾತಿಯದೋ, ಎರಡೂ ಇರಲಿ ಎಂದು.

ಇದರಲ್ಲಿ ಒಂದು ತೊಡಕು ಬಂತು. ಸಿನಿಮಾದ ಕೊನೆಗೆ ದೆವ್ವ ತನ್ನ ಗಂಡನ ಕುತ್ತಿಗೆ ಹಿಚುಕಿ ಕೊಲ್ಲುತ್ತಿತ್ತು. "ಗಂಡನ್ನ ಕೊಂದ ಮ್ಯಾಲ ಆಕಿ ಮುತ್ತೈದಿ ಹೆಂಗಾದ್ಲು ಅತ್ತಿ?" ಎಂದು ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಅಡಿಕೆ ಅಗಿದರು. "ಅದಕ್ಕ ಕೊಲ್ಲೂಕ್ಕಿಂತ ಮೊದ್ಲ ತುಂಬಬೇಕು" ಎಂದು ತೀರ್ಪು ಕೊಟ್ಟರು. ಅಂದಿನಿಂದ ದೆವ್ವ ಗಂಡನ ಕೋಣೆಯ ಕಡೆ ಹೊರಟ ಕೂಡಲೇ, "ಏಳ, ಏಳ, ಹೊಂಟ್ಲು!" ಎಂದು ನನ್ನನ್ನು ಎಬ್ಬಿಸುತ್ತಿದ್ದರು. ನಾನು ಅಕ್ಕಿಯ ತಾಟು ಹಿಡಿದು ಟೀವಿಗೆ ಅಡ್ಡ ನಿಲ್ಲುತ್ತಿದ್ದೆ, ಹಿಂದಿನವರು "ಸರೀಬೇ, ಸರಿ" ಎಂದು ಬೈಯುತ್ತಿದ್ದರು. ಎಷ್ಟು ಗಂಡಂದಿರು ಸಾಯುವುದನ್ನು ನಾನು ಹೀಗೆ ಕಳೆದುಕೊಂಡೆನೋ!

ಸಾಯದೇ ಉಳಿದಿದ್ದ ನನ್ನ ಗಂಡನಿಗೆ ಮಾತ್ರ ಇದು ಸರಿಬರಲಿಲ್ಲ. ಮೀಸೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಸಂತೆಯಲ್ಲಿ ಅವರು ಕೆಮ್ಮಿದರೆ ಎತ್ತು ತಿರುಗಿ ನೋಡುತ್ತಿದ್ದವು. ಆದರೆ ಪರದೆಯ ಮೇಲೆ ದೆವ್ವ ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ನೀರಡಿಕೆಯಾಗುತ್ತಿತ್ತು. ಎದ್ದು ಅಡುಗೆಮನೆಗೆ ಹೋಗಿ ಒಂದು ತಂಬಿಗೆ ಕುಡಿದು ಬರುವರು. ದೆವ್ವ ಮತ್ತೆ ಬಂದರೆ ಮತ್ತೊಂದು ತಂಬಿಗೆ. ಒಳ್ಳೆಯ ದೆವ್ವದ ಸಿನಿಮಾ ಇದ್ದ ದಿನ ನಮ್ಮ ಕೊಡವೇ ಖಾಲಿ. ಕುಡಿದ ನೀರು ಸುಮ್ಮನಿರುತ್ತದೆಯೇ? ಆಗ ಮನೆಯೊಳಗೆ ಬಚ್ಚಲು ಪಾಯಖಾನೆ ಎಲ್ಲಿತ್ತು? ಹಿತ್ತಲಿಗೇ ಹೋಗಬೇಕು, ನುಗ್ಗೆಯ ಗಿಡ ದಾಟಿ. ಎಲ್ಲರೂ ಮಲಗಿದ ಮೇಲೆ ನನ್ನ ಕಾಲು ತಿವಿದು, "ಏ, ನಿನಗ ಹಿತ್ತಲಕ್ಕ ಹೋಗೂದೈತೇನು?" ಎನ್ನುವರು. ಇಲ್ಲ ಎಂದು ಮಗ್ಗುಲಾದರೆ, "ನೋಡು, ಮತ್ತ ನಡುರಾತ್ರಿ ಎಬ್ಬಿಸಬ್ಯಾಡ" ಎನ್ನುವರು. ಬೆಳಕು ಹರಿಯುವ ತನಕ ಹೊರಳಾಡುವರು. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಗಂಡಸು ಹೆದರಿಕೆ ಎಂಬ ಮಾತನ್ನು ತಾನಾಗಿ ಆಡಲಿ ಎಂದು ನನಗೂ ಒಂದು ಹಟ.

ಆಡಲಿಲ್ಲ. ಟೀವಿಯನ್ನೇ ಮಾರುತ್ತೇನೆ ಎಂದರು. ಹೇಳಿದ ಕಾರಣ ಎಲೆಯದು. ಚೀರುವಾಗ ನಾವು ಕೈಯಲ್ಲಿದ್ದ ಎಲೆಯನ್ನು ಹಿಸುಕುತ್ತಿದ್ದೆವಂತೆ. ಹಿರೇಕೆರೂರಿನ ಪಾನ್ ಅಂಗಡಿಯವನು, "ಏನ್ರಿ ಸಾವಕಾರ್ರ, ಈ ವಾರದ ಎಲಿ ತುಂಬ ಉಗರ ಗುರುತದಾವಲ್ರಿ?" ಎಂದು ಕೇಳಿದನಂತೆ. ಅದು ಸುಳ್ಳಲ್ಲ, ಸೋಮವಾರದ ಎಲೆ ನೋಡಿದರೆ ಸಿನಿಮಾ ಎಂಥದಿತ್ತು ಎಂದು ಹೇಳಬಹುದಾಗಿತ್ತು. ಆದರೆ ಎಲೆ ಹರಿದದ್ದಕ್ಕೆ ಯಾರಾದರೂ ಟೀವಿ ಮಾರುತ್ತಾರೆಯೇ? ಶಿಗ್ಗಾಂವಿಯ ಒಬ್ಬ ಕಿರಾಣಿ ಅಂಗಡಿಯವನಿಗೆ ಮಾತು ಕೊಟ್ಟೂ ಬಂದರು. ಗಂಡನ ಮುಂದೆ ಅತ್ತು ಕೆಲಸ ಮಾಡಿಸಿಕೊಳ್ಳುವವಳು ನಾನಲ್ಲ. ಎರಡು ದಿನ ಸಾರಿಗೆ ಉಪ್ಪು ಹಾಕಲಿಲ್ಲ. ಉಪ್ಪಿಲ್ಲದ ಸಾರನ್ನು ಅವರು ಮಾತಿಲ್ಲದೆ ಉಂಡರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಉಪ್ಪಿಲ್ಲದ್ದನ್ನು ಉಣ್ಣುವವನು ಮನಸ್ಸು ಗಟ್ಟಿ ಮಾಡಿದ್ದಾನೆ ಎಂದೇ ಅರ್ಥ.

ರವಿವಾರ ಅಂಗಡಿಯವನು ಟೆಂಪೋ ತೆಗೆದುಕೊಂಡು, ಎರಡು ಗೋಣಿಚೀಲ, ಒಂದು ಹಗ್ಗ ಹಿಡಿದು ಬಂದ. ಅತ್ತೆ ಹೊಸ್ತಿಲ ಮೇಲೆ ಕುಳಿತಿದ್ದರು, ಏಳಲಿಲ್ಲ. "ಏನು ಒಯ್ಯಾಕ ಬಂದೀಪಾ?" ಎಂದರು.

"ಟೀವೀರಿ ಅಮ್ಮಾರ. ನಿಮ್ಮ ಮಗಾರ ಕೊಟ್ಟಾರಲ್ರಿ."

"ಲೇ ತಮ್ಮಾ, ಬಾ ಇಲ್ಲೆ" ಎಂದು ಮಗನನ್ನು ಕರೆದರು. "ಎಷ್ಟು ಸರ್ತಿ ಉಡಿ ತುಂಬೇವೋ ಆಕಿಗೆ? ಉಡಿ ತುಂಬಿಸಿಗೊಂಡಾಕಿ ಮನಿ ಮಗಳು. ಮಗಳನ್ನ ಮಾರೂ ಮನಿತಾನೇನೋ ನಮ್ದು?"

"ಯವ್ವಾ, ಅದು ಪೆಟಗಿಬೇ" ಎಂದರು ನಮ್ಮವರು. ಸಂತೆಯ ದನಿ ಅಲ್ಲಿ ಹೊರಡಲಿಲ್ಲ.

ಅತ್ತೆ ಅಂಗಡಿಯವನ ಕಡೆ ತಿರುಗಿದರು. "ಒಯ್ಯೂದಿದ್ರ ಒಯ್ಯಪಾ. ಕೊಟ್ಟ ಹೆಣ್ಣು ಅಂತ ತಿಳಕೋತೇವಿ. ಆದರ ನಾಗರ ಪಂಚಮಿಗೆ ತಪ್ಪದ ತವರಿಗೆ ಕಳಸಬೇಕು. ಒಬ್ಬಾಕಿನ ಬಿಟ್ಟು ಒಬ್ಬಾಕಿನ ಕಳಿಸಿದ್ರ ನಡಿಯೂದಿಲ್ಲ. ಒಳಗ ಎಷ್ಟು ಮಂದಿ ಅದಾರೋ, ಎಲ್ಲಾರನೂ ಕಳಸು."

ಅಂಗಡಿಯವನು ಗೋಣಿಚೀಲ ಕೆಳಗಿಟ್ಟ. "ಒಳಗ ಮಂದಿ ಅದಾರೇನ್ರಿ?"

"ಸತ್ತ ಮಂದಿ. ಎಲ್ಲಾರೂ ಬಾಳ್ವಿ ಮಾಡೋ ಮನಿ ಹೆಣ್ಣಮಕ್ಕಳು, ಪಾಪ" ಎಂದು ಮೆಹಬೂಬಿ ಗೋಡೆಯ ಆಚೆಯಿಂದ ಕೂಗಿದಳು. ಬರುವ ಶನಿವಾರದ ಸಿನಿಮಾ ಆಕೆಗೂ ತಪ್ಪಬಾರದಿತ್ತು.

"ನಮ್ಮ ಮನ್ಯಾಗ ಸೊಸಿ ಬಸರಿ ಅದಾಳ್ರಿ, ಸದ್ಯ ಬ್ಯಾಡ" ಎಂದು ಅವನು ಟೆಂಪೋ ತಿರುಗಿಸಿದ. ಹಗ್ಗವನ್ನು ಮರೆತು ಹೋದ. ಅದರಲ್ಲಿ ಬಹಳ ದಿನ ಅರಿವೆ ಒಣಗಿಸಿದೆವು.

ಆ ರಾತ್ರಿ ನಮ್ಮವರು ಸಂಧಾನಕ್ಕೆ ಬಂದರು. "ಇರ್ಲಿ ತಗಿ, ಟೀವಿ ಇರ್ಲಿ. ಆದರ ಹಿತ್ತಲದಾಗ ಹಾವು ಚೇಳು ಭಾಳ ಆಗ್ಯಾವು. ನಾ ಹ್ವಾದಾಗ ನೀ ಕಂದೀಲು ಹಿಡಿಬೇಕು" ಎಂದರು. ಹಾವಿನ ಹೆಸರಿನಲ್ಲಾದರೂ ಹೆದರಿಕೆ ಒಪ್ಪಿಕೊಂಡರಲ್ಲ ಎಂದು ನಾನೂ ಹೂಂ ಎಂದೆ. ಮುಂದಿನ ಶನಿವಾರ ಬಂದ ದೆವ್ವ ಜಾಣೆ. ನಮ್ಮವರು ಮೂರು ತಂಬಿಗೆ ಮುಗಿಸಿದರು. ಎಲ್ಲ ಮಲಗಿದ ಮೇಲೆ ಹೋದೆವು. ಅವರು ನುಗ್ಗೆಯ ಗಿಡದ ಆಚೆ, ನಾನು ಈಚೆ, ಬೆಳಕು ಅವರ ಕಡೆ. ನನ್ನ ಬೆನ್ನಿನ ಕಡೆ ಏನಿದೆ ಎಂದು ಯಾರು ನೋಡಬೇಕು? ಒಣಗಿದ ನುಗ್ಗೆಕಾಯಿ ಗಿಲಿಗಿಲಿ ಎಂದಿತು. ಪಡಸಾಲೆಯಲ್ಲಿ ಹತ್ತು ಮಂದಿಯ ನಡುವೆ ಚೀರುವುದು ಬೇರೆ, ಇದು ಬೇರೆ. "ಆತೇನ್ರಿ?" ಎಂದೆ. "ಇನ್ನೂ ಇಲ್ಲ. ಅದೀಯಿಲ್ಲ ಅಲ್ಲೆ?" ಎಂದರು. "ಅದೀನ್ರಿ. ಆತೇನ್ರಿ?" "ಅದೀಯಿಲ್ಲ?" ಹೀಗೆ ಅವರ ದನಿ ಇಳಿಯುತ್ತ, ನನ್ನದು ಏರುತ್ತ, ಆ ಕೆಲಸಕ್ಕೆ ಎಂದೂ ಹಿಡಿಯದಷ್ಟು ಹೊತ್ತು ಹಿಡಿಯಿತು.

ಬೆಳಗ್ಗೆ ಮೆಹಬೂಬಿ ಬಂದವಳು ಬಾಗಿಲಲ್ಲೇ ಕುಸಿದು ಕುಳಿತಳು. ಕಣ್ಣು ಕೆಂಪಾಗಿದ್ದವು. "ಅಕ್ಕಾ, ಹೇಳಿದ್ರ ನಂಬೂದಿಲ್ಲ ನೀವು. ರಾತ್ರಿ ನಿಮ್ಮ ಹಿತ್ತಲದಾಗ ಎರಡು ದೆವ್ವ ಮಾತಾಡಾಕತ್ತಿದ್ವು. ಒಂದು ಗಂಡು, ಒಂದು ಹೆಣ್ಣು. ಗಂಡು ದೆವ್ವ ಪಾಪ, ಸಣ್ಣ ದನೀಲೆ ಏನೋ ಅಂತಿತ್ತು. ಆ ಹೆಣ್ಣು ದೆವ್ವ ಐತಲ್ಲ, ಯಾ ಅಲ್ಲಾ, ಅದರ ದನಿ ಕೇಳಿ ನನ್ನ ಕೈಕಾಲೆಲ್ಲಾ ತಣ್ಣಗಾದ್ವು ನೋಡ್ರಿ. ಹಂಥಾ ದನಿ ಟೀವ್ಯಾಗೂ ಕೇಳಿಲ್ಲ."

ಒಳಗೆ ನಮ್ಮವರಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ನಾನು ಮೆಹಬೂಬಿಗೂ ಒಂದು ಕಪ್ಪು ಕೊಟ್ಟು, "ಏನಂತಿತ್ತ ಆ ಹೆಣ್ಣು ದೆವ್ವ?" ಎಂದು ಕೇಳಿದೆ.

"ಆತೇನ್ರಿ, ಆತೇನ್ರಿ, ಅಂತಿತ್ತು. ಯಾರ ಜೀವಾ ಹೋಗೂದು ಕಾಯಾಕತ್ತಿತ್ತೋ ಏನೋ."

"ಗಂಡು ದೆವ್ವಕ್ಕ 'ರೀ' ಅಂತಿತ್ತಂದ್ರ ಒಳ್ಳೆ ಮನಿತಾನದ ದೆವ್ವ ಇರಬೇಕು ತಗಿ," ಎಂದೆ.