ಹೊಟ್ಟೆಯ ಮೇಲೆ ಗಾಯವಿಲ್ಲದ ಹರ್ನಿಯಾ

ಅದೊಂದು ಸಣ್ಣ ಆಪರೇಷನ್. ಬೆಳಿಗ್ಗೆ ಹೋಗಿ ಸಂಜೆಗೆ ಮನೆಯಲ್ಲಿ ಚಹಾ ಕುಡಿಯುವಂಥದ್ದು. ಹಾಗೆಂದು ನಾನೇ ಎಲ್ಲರಿಗೂ ಧೈರ್ಯ ಹೇಳಿದ್ದೆ. ಎಲ್ಲರೂ ಅಂದರೆ ಇಬ್ಬರು: ನಮ್ಮವ್ವ ಮತ್ತು ಪಕ್ಕದ ಮನೆಯ ಗೆಳೆಯ ದಸ್ತಗೀರ. ಮೂರನೆಯವರಿಗೆ ಹೇಳುವಂಥ ಜಾಗದ ಆಪರೇಷನ್ ಅದಾಗಿರಲಿಲ್ಲ.

ಮುಂದೊಗಲು ಬಿಗಿಯಾಗಿ ಪದೇಪದೇ ಬಾವು ಬರುತ್ತಿತ್ತು. "ಮದುವೆಗೆ ಮುಂಚೆ ತೆಗೆಸಿಬಿಡಿ" ಎಂದರು ಡಾಕ್ಟರು. ಬಬಲೇಶ್ವರದ ಸಾವಿತ್ರಿಯ ಜೊತೆ ನನ್ನ ಮದುವೆ ಗೊತ್ತಾಗಿತ್ತು. ಹೀಗೆ, ಮುಸ್ಲಿಮರ ಮನೆಗಳಲ್ಲಿ ಹುಡುಗರಿಗೆ ಚಿಕ್ಕಂದಿನಲ್ಲೇ ಮಾಡಿಸುವ ಖತ್ನಾ, ಮೀಸೆ ಬಂದ ಮಲ್ಲಿಕಾರ್ಜುನನಿಗೆ ವಿಜಯಪುರದ ಆಸ್ಪತ್ರೆಯೊಂದರಲ್ಲಿ ನೆರವೇರಿತು.

ಈಗ ನನ್ನ ಪ್ರತಿಭೆಯ ಬಗ್ಗೆ ಎರಡು ಮಾತು. ನಮ್ಮೂರು ತಿಕೋಟಾದಲ್ಲಿ ನಾನು ಯಾರ ಧ್ವನಿ ಬೇಕಾದರೂ ತೆಗೆಯುತ್ತೇನೆ. ಬಸ್ ಕಂಡಕ್ಟರು, ಹೆಡ್‌ಮಾಸ್ತರು, ಸಿಟ್ಟಿಗೆದ್ದ ನಮ್ಮವ್ವ, ಯಾರಾದರೂ ಸರಿ. ಮನೆಗೆ ಕಳಿಸುವ ಹೊತ್ತಿಗೆ ಡಾಕ್ಟರು ಗಾಯದ ಆರೈಕೆಯನ್ನು ಮೂಗಿನಿಂದ ವಿವರಿಸಿದರು. ಆಹಾ, ಎಂಥ ಮೂಗು! ತಲ್ಲೀನನಾಗಿ ಕೇಳಿಸಿಕೊಂಡೆ. ಹೊರಗೆ ಬಂದು ಆ ಧ್ವನಿ ತೆಗೆದಾಗ ದಸ್ತಗೀರ ಬೆಚ್ಚಿ ಹಿಂದೆ ತಿರುಗಿ ನೋಡಿದ.

"ಹುಬೇಹೂಬ ಅವ್ರದ ಧ್ವನಿ ಲೇ! ಆದ್ರ ಏನ ಹೇಳಿದ್ರು?"

ಅದು ಗೊತ್ತಿರಲಿಲ್ಲ! ಮೂಗು ಪೂರ್ತಿ ಬಂದಿತ್ತು, ಮಾತು ಒಂದೂ ಬಂದಿರಲಿಲ್ಲ.

"ಜೀನ್ಸ್ ಹಾಕ್ಕೋ ಅಂದ್ರೋ, ಬ್ಯಾಡ ಅಂದ್ರೋ?"

"ಹಾಕ್ಕೋ ಅಂದಿರಬೇಕು ತಗೋ. ಬಿಗಿ ಇದ್ರ ಭದ್ರ ಇರತೈತಿ," ಎಂದೆ.

ಜೀನ್ಸ್ ಏರಿಸಿ ಬೈಕಿನ ಹಿಂದೆ ಕುಳಿತೆ. ಮರಗಟ್ಟಿಸುವ ಇಂಜೆಕ್ಷನ್ ಊರು ದಾಟುವವರೆಗೆ ನಿಷ್ಠೆಯಿಂದ ದುಡಿಯಿತು. ಆಮೇಲೆ ಬಂದ ಮೊದಲ ರಸ್ತೆಯುಬ್ಬಿಗೆ ರಾಜೀನಾಮೆ ಕೊಟ್ಟಿತು! "ಯಪ್ಪಾ!" ಎಂದು ನಾನು ಕೂಗಿದ್ದು ನನ್ನ ಸ್ವಂತ ಧ್ವನಿಯಲ್ಲಿ. ಅದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಕಾಲು ಅಗಲಿಸಿಕೊಂಡು ಮನೆಯತ್ತ ಸಾಗಿದವನನ್ನು ಓಣಿಗೆ ಓಣಿಯೇ ನೋಡಿತು.

"ಏನಾತೋ ಮಲ್ಲೂ?"

"ಹರ್ನಿಯಾ," ಎಂದುಬಿಟ್ಟೆ. ಹೊಟ್ಟೆಯ ಕಾಯಿಲೆ, ನಾಲ್ಕು ಜನರ ಮುಂದೆ ಹೇಳಬಹುದಾದದ್ದು. ಅವ್ವನನ್ನೂ ಅದನ್ನೇ ಹೇಳಲು ಒಪ್ಪಿಸಿದೆ.

ತಿಕೋಟಾದಲ್ಲಿ ಹೇಳಿದ ರೋಗ ಬಬಲೇಶ್ವರಕ್ಕೆ ಬಸ್ಸಿಗಿಂತ ಬೇಗ ತಲುಪುತ್ತದೆ. ಮರುದಿನವೇ ಸಾವಿತ್ರಿಯ ಅಪ್ಪ ಸಿದ್ದಪ್ಪನವರು ಅವ್ವನಿಗೆ ಫೋನು ಮಾಡಿದರು.

"ಬೀಗರ, ಹರ್ನಿಯಾ ಆದವ್ರು ಭಾರ ಎತ್ತಬಾರದಂತಲ್ರಿ? ನಮ್ದು ದ್ರಾಕ್ಷಿ ತ್ವಾಟ. ನಾಳೆ ಕ್ರೇಟ್ ಎತ್ತವ್ರು ಯಾರು? ಬಂದ ನೋಡತೀವಿ. ಆಮ್ಯಾಲ ಮುಂದಿನ ಮಾತು."

ಮುಂದಿನ ಮಾತು ಏನೆಂದು ನನಗೆ ಗೊತ್ತು. ಸಾವಿತ್ರಿ ಕೈತಪ್ಪುವ ಮಾತು! ನನ್ನ ಮಿಮಿಕ್ರಿಗೆ ಸುಮ್ಮನೆ ನಗದೆ, "ಹೆಡ್‌ಮಾಸ್ತರು ನಡಕ ಒಮ್ಮೆ ಕೆಮ್ಮತಾರ, ಅದನ್ನ ಬಿಟ್ರಿ" ಎಂದು ತಿದ್ದಿದ ಒಬ್ಬಳೇ ಹುಡುಗಿ ಆಕೆ.

ಅಷ್ಟರಲ್ಲಿ ಬಾವು ಏರಿತ್ತು. ಲುಂಗಿಯ ಬಟ್ಟೆ ತಾಕಿದರೂ ಜೀವ ಹೋಗುತ್ತಿತ್ತು. ಅಡುಗೆಮನೆಯಿಂದ ಚಹಾ ಸೋಸುವ ಜಾಲರಿ ತಂದು ಒಳಗೆ ಗುರಾಣಿಯಂತೆ ಬೋರಲು ಇಟ್ಟುಕೊಂಡೆ. ಗಾಳಿಯೂ ಆಡಿತು, ಬಟ್ಟೆಯೂ ತಾಕಲಿಲ್ಲ. ವಿಜ್ಞಾನ! ಬೀಗರು ಬಂದು ಕುಳಿತ ಮೇಲೆ ಒಳಗಿನಿಂದ ಅವ್ವ ಕೂಗಿದಳು:

"ಲೇ ಮಲ್ಲೂ, ಚಾ ಸೋಸೂದು ಎಲ್ಲಿ ಹೋತೋ?"

ನಾನು ಜಂತಿ ನೋಡಿದೆ. ಬೀಗರು ಚಹಾಪುಡಿ ಅಗಿಯುತ್ತ ಚಹಾ ಮುಗಿಸಿದರು.

ಸಿದ್ದಪ್ಪನವರು ಜೊತೆಗೆ ತಮ್ಮ ಕಾಕಾನನ್ನು ಕರೆತಂದಿದ್ದರು. ಕಾಕಾ ಹರ್ನಿಯಾದಲ್ಲಿ ಅನುಭವಿಗಳು. ಅಂಗಿ ಎತ್ತಿ ಹೊಕ್ಕುಳ ಪಕ್ಕದ ಹಳೆಯ ಗಾಯವನ್ನು ಪ್ರದರ್ಶನಕ್ಕಿಟ್ಟರು.

"ನಂದು ಇಲ್ಲೈತಿ ನೋಡಪಾ. ಈಗ ನಿಂದು ತೋರ್ಸು."

"ಪಟ್ಟಿ ಕಟ್ಟ್ಯಾರ್ರಿ. ಬಿಚ್ಚಬಾರದಂತ್ರಿ."

"ಬಿಚ್ಚೂದ ಬ್ಯಾಡ. ಪಟ್ಟೀನ ತೋರ್ಸು!"

ಅಂಗಿ ಎತ್ತಿದೆ. ದೀಪಾವಳಿಗೆ ಸುಣ್ಣ ಬಳಿದ ಗೋಡೆಯಂತೆ ಹೊಟ್ಟೆ ಸ್ವಚ್ಛವಾಗಿತ್ತು.

"ಸಿದ್ದಪ್ಪಾ," ಕಾಕಾ ಧ್ವನಿ ತಗ್ಗಿಸಿದರು, "ಗಾಯಾನ ಇಲ್ಲಲೇ. ಬೆನ್ನ ನೋಡು. ಕಿಡ್ನಿ ಏನರ ಮಾರ್ಯಾನೋ ಏನ!"

ಬೆನ್ನೂ ನೋಡಿದರು. ಸಿದ್ದಪ್ಪನವರು ಟವೆಲ್ ಹೆಗಲಿಗೇರಿಸಿ ಎದ್ದರು. "ಸುಳ್ಳ ಹೇಳೋ ಮನಿಗೆ ಮಗಳನ್ನ ಕೊಡಂಗಿಲ್ರಿ."

ಅವರನ್ನು ತಡೆಯಲು ನಾನೂ ಲುಂಗಿ ಹಿಡಿದುಕೊಂಡು ಎದ್ದೆ.

ಅಷ್ಟರಲ್ಲಿ ಬಾಗಿಲಿಗೆ ದಸ್ತಗೀರನ ತಾಯಿ ಬಂದರು. ನಾನು ಖಾಲಾ ಎಂದು ಕರೆಯುವವರು. ಒಂದು ಕೈಯಲ್ಲಿ ಮಲ್ಲಿಗೆಯ ಹಾರ, ಇನ್ನೊಂದರಲ್ಲಿ ತಟ್ಟೆ ತುಂಬ ಬೆಲ್ಲದ ಮಲೀದಾ. ಹಿಂದೆ ದಸ್ತಗೀರ, ಬಾಯಿ ಬಿಟ್ಟಿದ್ದೇನೆ ಎಂಬ ಮುಖ ಹೊತ್ತು ನಿಂತಿದ್ದ.

"ಏನೋ ಬೇಟಾ, ಖತ್ನಾ ಆದ್ರ ಖಾಲಾಗ ಒಂದ ಮಾತ ಹೇಳಬಾರದಾ? ನಮ್ಮಲ್ಲಿ ಹಾರಾ ಹಾಕದ, ಬಾಯಿ ಸಿಹಿ ಮಾಡದ ಬಿಡತೀವೇನು?"

ಕೊರಳಿಗೆ ಹಾರ ಬಿತ್ತು, ಬಾಯಿಗೆ ಮಲೀದಾ ಬಿತ್ತು. ಖಾಲಾ ಬೀಗರತ್ತ ತಿರುಗಿ ಸಮಾಧಾನ ಹೇಳಿದರು: "ಅಂಜಬ್ಯಾಡ್ರಿ. ಸಡಲ ಬಟ್ಟಿ ಉಟ್ಟು, ಮುಲಾಮ ಹಚ್ಚಿ, ಬೈಕ್ ಹತ್ತಲಾರದ ಇದ್ರ ತಾನ ಮಾಗತೈತಿ. ನಮ್ಮ ಸಣ್ಣ ಹುಡುಗ್ರೂ ಇಷ್ಟ ಅಳಂಗಿಲ್ಲ!"

ಸಿದ್ದಪ್ಪನವರು ನನ್ನ ಹಾರ ನೋಡಿದರು, ಲುಂಗಿ ನೋಡಿದರು, ನಿಧಾನವಾಗಿ ಮತ್ತೆ ಕುಳಿತರು.

"ಅಂದ್ರ ಹರ್ನಿಯಾ ಇಲ್ಲ?"

"ಇಲ್ರಿ."

"ಕ್ರೇಟ್ ಎತ್ತಾಕ ಬರತೈತಿ?"

"ಮಾಗಿದ ಮ್ಯಾಲ ಬರತೈತ್ರಿ."

"ಮಂಗ್ಯಾನ ಮಗನ! ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?"

ಬಬಲೇಶ್ವರದಲ್ಲಿ ಹಬ್ಬಿದ ಅಪವಾದವನ್ನು ಅಳಿಸುವುದು ತಮ್ಮ ಕರ್ತವ್ಯವೆಂದು ಬಗೆದು, ಅವರು ಅಲ್ಲಿಂದಲೇ ಮನೆಗೆ ಫೋನು ಹಚ್ಚಿದರು. ಎತ್ತಿದವರು ಅವರ ತಾಯಿ. ಮುದುಕಿಗೆ ಕಿವಿ ಮಂದ.

"ಹರ್ನಿಯಾ ಅಲ್ಲ ಬೇ ಯವ್ವಾ! ಖತ್ನಾ! ನಮ್ಮ ಅಳಿಯಾಗ ಖತ್ನಾ ಆಗೇತಿ!"

ಓಣಿಯ ಕಿಟಕಿಗಳು ತೆರೆದವು. ಎದುರು ಕಟ್ಟೆಯ ಇಸ್ಪೀಟು ನಿಂತಿತು.

"ಇಷ್ಟ ದೊಡ್ಡವ ಆದ ಮ್ಯಾಲ?" ಎಂದಿತು ಸ್ಪೀಕರಿನಲ್ಲಿ ಮುದುಕಿಯ ಧ್ವನಿ. ಆಕೆಯ ಹಿಂದೆಯೇ ಸಾವಿತ್ರಿ ಕಿಸಕ್ಕನೆ ನಕ್ಕದ್ದು ಕೇಳಿತು. "ಅಪ್ಪಾ, ಅವ್ರನ್ನ ಬೈಬ್ಯಾಡ. ಲಗ್ನ ತುಸು ತಡಾ ಆದ್ರೂ ನಡೀತೈತಿ."

ಸಂಬಂಧ ಉಳಿಯಿತು! ಸಂತೋಷ ತಡೆಯಲಾರದೆ ನಾನೂ ನಕ್ಕುಬಿಟ್ಟೆ. ನಗಬಾರದಿತ್ತು. ಹೊಲಿಗೆ ಜಗ್ಗಿ, ಎರಡೂ ಕೈ ಮಡಿಲಿಗೊತ್ತಿ, ಮುಖ ಕೆಂಪಗಾಗಿ, ತಲೆ ಮೊಣಕಾಲು ಮುಟ್ಟುವಷ್ಟು ಬಾಗಿ ಕುಳಿತೆ.

ಸಿದ್ದಪ್ಪನವರು ಹೆಮ್ಮೆಯಿಂದ ಮಗಳಿಗೆ ಹೇಳಿದರು:

"ಹುಡುಗ ಭಾಳ ಸಂಭಾವಿತ ಅದಾನ ನೋಡವ್ವಾ. ನಿನ್ನ ಧ್ವನಿ ಕೇಳಿ, ನಾಚಿ ನೆಲಾ ನೋಡಾಕತ್ತಾನ!"