ಮಹಾವಿಶಾರದ ಕೊಟ್ರೇಶ ಮಾರದ ಪ್ಲಾಟು

ರಾಣೆಬೆನ್ನೂರಿನ ಕೊಟ್ರೇಶ ನಿವೇಶನ ವಿಶಾರದನಾದ ದಿನದಿಂದ ಒಂದೇ ಒಂದು ನಿವೇಶನವನ್ನೂ ಮಾರಿಲ್ಲ. ಇದು ಆತನ ಮೇಲಿನ ಆರೋಪವಲ್ಲ, ಆತನಿಗೆ ಕೊಟ್ಟ ಸನ್ಮಾನಪತ್ರದ ಮೊದಲ ವಾಕ್ಯ.

ಅದಕ್ಕೂ ಮೊದಲು ಆತ ಬರೇ ಪ್ಲಾಟ್ ದಲ್ಲಾಳಿಯಾಗಿದ್ದ. ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯೇ ಆಫೀಸು, ಮೋಟರ್‌ಸೈಕಲ್ಲಿನ ಹಿಂದಿನ ಸೀಟೇ ಗಿರಾಕಿಯ ಕುರ್ಚಿ. ಮಾರುವವನ ಕಷ್ಟ ಕೊಳ್ಳುವವನಿಗೆ, ಕೊಳ್ಳುವವನ ಅವಸರ ಮಾರುವವನಿಗೆ ಗೊತ್ತಾಗದ ಹಾಗೆ ನೋಡಿಕೊಂಡು, ಇಬ್ಬರೂ ತಾನೇ ಗೆದ್ದೆನೆಂದು ಮನೆಗೆ ಹೋಗುವಂತೆ ವ್ಯವಹಾರ ಮುಗಿಸುತ್ತಿದ್ದ. ಆದರೆ ಹೆಂಡತಿ ಶೈಲಶ್ರೀಯ ತವರಿನ ಮದುವೆಯೊಂದರಲ್ಲಿ ಯಾರೋ "ಇವರು ದಲ್ಲಾಳಿ ಅದಾರ್ರಿ" ಎಂದು ಪರಿಚಯ ಮಾಡಿಕೊಟ್ಟಾಗ, ಎದುರಿನ ಹಿರಿಯರು ನಮಸ್ಕಾರಕ್ಕೆ ಎತ್ತಿದ ಕೈಯನ್ನು ಇಳಿಸಿ ಜೇಬು ಮುಟ್ಟಿ ನೋಡಿಕೊಂಡರು. ಅವತ್ತು ಕೊಟ್ರೇಶನಿಗೆ ಹೋಳಿಗೆ ಇಳಿಯಲಿಲ್ಲ.

ಅಂಥ ಹೊತ್ತಿನಲ್ಲೇ ಹಾವೇರಿಯ ನಿವೇಶನ ವೃತ್ತಿಘನತಾ ಮಹಾಮಂಡಳ ಒಂದು ಪ್ರಕಟಣೆ ಹೊರಡಿಸಿತು: "ದಲ್ಲಾಳಿ ಎಂಬ ಪದವನ್ನು ಈ ಮೂಲಕ ಸೇವೆಯಿಂದ ನಿವೃತ್ತಿಗೊಳಿಸಲಾಗಿದೆ. ತರಬೇತಿ ಹೊಂದಿ ತೇರ್ಗಡೆಯಾದವರು ತಮ್ಮ ಹೆಸರಿನ ಮುಂದೆ 'ನಿವೇಶನ ವಿಶಾರದ' ಎಂದು ಬರೆದುಕೊಳ್ಳತಕ್ಕದ್ದು. ಹಿಂದೆ ಬರೆದುಕೊಳ್ಳಲಿಚ್ಛಿಸುವವರು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು."

ತರಬೇತಿ ನಡೆದದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಗೋದಾಮಿನ ಮೇಲಿನ ಮಹಡಿಯಲ್ಲಿ. ಕೆಳಗೆ ಹಮಾಲರು ಚೀಲ ಎತ್ತಿಹಾಕಿದಾಗೆಲ್ಲ ಮೇಲೆ ಘಾಟು ಏರುತ್ತಿತ್ತು. ಮಹಾಮಂಡಳದ ಅಧ್ಯಕ್ಷ ಪ್ರಭುಲಿಂಗಪ್ಪನವರು ಪರಿಶೀಲನೆಗೆ ಬಂದು ಬಾಗಿಲಲ್ಲೇ ನಿಂತು ನೋಡಿ, "ನೀತಿಸಂಹಿತೆಯ ಪಾಠ ಕೇಳಿ ಶಿಬಿರಾರ್ಥಿಗಳು ಕಣ್ಣೀರಿಟ್ಟರು" ಎಂದು ವರದಿ ಬರೆದರು. ಅತಿ ಹೆಚ್ಚು ಅತ್ತ ಕೊಟ್ರೇಶ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ. ಮನೆಯ ಮುಂದೆ ಬೋರ್ಡು ಬಂತು. ಶೈಲಶ್ರೀ ಮುಂಜಾನೆ ಎದ್ದು ಹೊಸ್ತಿಲಿಗಿಂತ ಮೊದಲು ಬೋರ್ಡು ಒರೆಸತೊಡಗಿದಳು.

ಬೋರ್ಡು ಓದಿಕೊಂಡು ಬಂದ ಮೊದಲ ಗಿರಾಕಿ ಟೇಲರಿಂಗ್ ಮಾಡುವ ಸುರೇಖಾ. ಗಂಡ ಸುನೀಲಕುಮಾರ ಕಾಗಿನೆಲೆ ಬಸ್ಸಿನ ಡ್ರೈವರು. ಬಾಡಿಗೆ ಮನೆಯ ಮಾಲಕರು ಮಗನ ಮದುವೆಗೆ ಮನೆ ಬೇಕೆಂದು ಬಿಡಲು ಹೇಳಿದ್ದರು. ಕೊಟ್ರೇಶ ಆಕೆಗೆ ಕುಪ್ಪೇಲೂರು ರಸ್ತೆಯಲ್ಲಿ ತಿರಕಪ್ಪನೆಂಬ ರೈತನ ಪೂರ್ವಾಭಿಮುಖ ಮೂಲೆ ಪ್ಲಾಟು ತೋರಿಸಿದ. ಆಕೆ ಚಪ್ಪಲಿ ಕಳಚಿ, ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತಳು.

"ಇಲ್ಲೇ ಮಷೀನ್ ಇಡ್ತೇನ್ರಿ. ಮುಂಜಾನಿ ಬೆಳಕ ಸೀದಾ ಬೀಳ್ತೈತಿ" ಎಂದಳು.

ಎಲ್ಲ ಒಪ್ಪಿಗೆಯಾಗಿ ರಜಿಸ್ಟರ್ ಮಾಡಿಸುವುದಷ್ಟೇ ಬಾಕಿ ಇದ್ದಾಗ ಮಹಾಮಂಡಳದಿಂದ ಪದವಿ ಉಳಿಸಿಕೊಳ್ಳುವ ನಿಯಮಾವಳಿ ಬಂತು. ವಿಶಾರದರು ವರ್ಷವಿಡೀ ಘನತಾಂಕ ಗಳಿಸತಕ್ಕದ್ದು. ಶಿಬಿರಕ್ಕೆ ಹಾಜರಾದರೆ ಅಂಕ ಏರುವುದು. ಪ್ಲಾಟು ಮಾರಿದರೆ ಇಳಿಯುವುದು, ಏಕೆಂದರೆ ಪ್ರತಿಯೊಂದು ಮಾರಾಟದಲ್ಲೂ ನೀತಿ ತಪ್ಪುವ ಸಂಭವವಿರುತ್ತದೆ. ಅಂಕ ಕಡಿಮೆಯಾದವರನ್ನು ಪುನಃ ದಲ್ಲಾಳಿ ಎಂದು ಘೋಷಿಸಿ ಭಾವಚಿತ್ರಸಹಿತ ಪ್ರಕಟಿಸಲಾಗುವುದು.

ಕೊಟ್ರೇಶ ಹಾವೇರಿಗೆ ಹೋದ.

"ಸರ್, ಮಾರಿದ್ರ ಅಂಕ ಹೋಕ್ಕಾವು ಅಂದ್ರ ನಾವು ಮಾಡೂದರ ಏನ್ರಿ?"

"ಘನತೆ ಕಾಪಾಡ್ಕೊಳ್ಳೂದು" ಎಂದರು ಪ್ರಭುಲಿಂಗಪ್ಪನವರು.

"ಮತ್ತ ಪ್ಲಾಟ್ ಯಾರು ಮಾರಬೇಕ್ರಿ?"

"ಅದು ಘನತೆ ಇಲ್ಲದವರ ಕೆಲಸ. ಅವರಿಗೂ ಹೊಟ್ಟಿ ಐತಿ. ನೀವ್ಯಾಕ ಅಡ್ಡ ಹೋಗ್ತೀರಿ?"

"ತಾವು ಎಷ್ಟು ಪ್ಲಾಟ್ ಮಾರೀರಿ ಸರ್?"

"ಒಂದೂ ಇಲ್ಲ. ಅದಕ್ಕ ಅಧ್ಯಕ್ಷ ಅದೇನಿ."

ಕೊಟ್ರೇಶ ಕೈಮುಗಿದು ಹೊರಗೆ ಬಂದ. ಆದರೆ ವಾಪಸು ಬರುವಾಗ, ಬಸ್ಸು ಮೋಟೆಬೆನ್ನೂರು ದಾಟುತ್ತಿದ್ದಂತೆ ಕೊಟ್ರೇಶನಿಗೆ ಮಣ್ಣಿನ ಮೇಲೆ ನಿಂತ ಆ ಬರಿಗಾಲು ನೆನಪಾಯಿತು. ದಲ್ಲಾಳಿಯಾಗಿದ್ದಾಗ ಆತ ಕೊಟ್ಟ ಮಾತಿಗೆ ಎಂದೂ ತಪ್ಪಿರಲಿಲ್ಲ. ಆಗ ಆತನಿಗೆ ನೀತಿಸಂಹಿತೆ ಇರಲಿಲ್ಲ.

ಮರುದಿನ ಸುರೇಖಾಳಿಗೆ ವಿಷಯ ತಿಳಿಸಿದ. ಆಕೆ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಹೋಗ್ಲಿ ಬಿಡ್ರಿ ಅಣ್ಣಾರ, ತಿರಕಪ್ಪಜ್ಜನ ಕೂಡ ನಾನ ಮಾತಾಡ್ತೇನಿ" ಎಂದು ಎದ್ದಳು. ತಿರಕಪ್ಪ ಒಪ್ಪಲಿಲ್ಲ.

"ವಿಶಾರದರು ನಿಂತು ತೋರಿಸಿದ ಪ್ಲಾಟ್ ಅದವ್ವ. ಈಗ ಬರೇ ನಾನ ಮಾರಿದ್ರ, ಪ್ಲಾಟಿನಾಗ ಏನೋ ಐಬು ಐತಿ ಅಂತಾರ ಮಂದಿ. ಅವರು ಬಂದು ಮಾರ್ಲಿ, ನಾ ಸಹಿ ಹಾಕ್ತೇನಿ."

ಅವರು ಬಂದು ಮಾರುವಂತಿರಲಿಲ್ಲ. ಮನೆ ಬಿಡುವ ದಿನ ಹತ್ತಿರ ಬಂತು. ಸುರೇಖಾ ಹೊಲಿದ ಜಂಪರುಗಳನ್ನು ಟ್ರಂಕಿಗೆ ತುಂಬತೊಡಗಿದಳು.

ಕೊಟ್ರೇಶ ಊಟ ಬಿಟ್ಟು ಯೋಚಿಸಿದ. ಕಡೆಗೆ ಮಹಾಮಂಡಳಕ್ಕೆ ಮನವಿ ಸಲ್ಲಿಸಿದ. ಶಿಬಿರಗಳಲ್ಲಿ ಬರೇ ಬಾಯಿಪಾಠವಾಗುತ್ತಿದೆ, ಪ್ರಾತ್ಯಕ್ಷಿಕೆಯಿಲ್ಲ. ಗಿರಾಕಿಗೆ ಘನತೆಯಿಂದ ಪ್ಲಾಟು ಮಾರದಿರುವುದು ಹೇಗೆಂದು ತೋರಿಸಲು ನಿಜವಾದ ಪ್ಲಾಟು ಬೇಕು, ನಿಜವಾಗಿ ಬೇಕೆನ್ನುವ ಗಿರಾಕಿಯೂ ಬೇಕು. ಶಿಬಿರಾರ್ಥಿಗಳು ಯಾವ ಹೊತ್ತಿಗಾದರೂ ಬರಬಹುದಾದ್ದರಿಂದ ಗಿರಾಕಿ ಸ್ಥಳದಲ್ಲೇ ವಾಸವಿರುವುದು ಸೂಕ್ತ.

ಮನವಿ ಪ್ರಭುಲಿಂಗಪ್ಪನವರಿಗೆ ಬಹಳ ಹಿಡಿಸಿತು. ತಿರಕಪ್ಪನ ಪ್ಲಾಟನ್ನು ಮಹಾಮಂಡಳ ಲಾವಣಿಗೆ, ಅಂದರೆ ಗೇಣಿ ಕೊಟ್ಟು ಗುತ್ತಿಗೆಗೆ, ಪಡೆಯಿತು. ಅದರ ಮೇಲೆ ಎರಡು ಕೋಣೆಯ 'ಗಿರಾಕಿ ವಸತಿಗೃಹ' ಎದ್ದಿತು. ಸುರೇಖಾ ಅಧಿಕೃತ ಗಿರಾಕಿಯಾಗಿ ನೇಮಕಗೊಂಡಳು. ಮಷೀನು ಪೂರ್ವದ ಕಿಟಕಿಗೆ ಬಂತು. ಕೊಟ್ರೇಶ ಮಹಾವಿಶಾರದನಾಗಿ, ಮುಖ್ಯ ತರಬೇತುದಾರನಾದ.

ಈಗ ಪ್ರತಿ ತಂಡದ ಎದುರು ಸುರೇಖಾ ಟೇಪು ಕೊರಳಿಗೆ ಹಾಕಿಕೊಂಡೇ ಹೊರಗೆ ಬರುತ್ತಾಳೆ.

"ಈ ಪ್ಲಾಟ್ ಕೊಡ್ತೀರೇನ್ರಿ?"

"ಪರಿಶೀಲನೆಯಾಗ ಐತ್ರಿ ಅಕ್ಕಾರ" ಎನ್ನುತ್ತಾನೆ ಕೊಟ್ರೇಶ, ಕೈಮುಗಿದು. ಶಿಬಿರಾರ್ಥಿಗಳು ಆ ಕೈಮುಗಿತದ ಎತ್ತರ ಗಮನಿಸುತ್ತಾರೆ.

ಸುನೀಲಕುಮಾರನಿಗೆ ಮಾತ್ರ ಕೆಲವು ದಿನ ಸಂಶಯವಿತ್ತು. "ಅಲ್ಲ, ಇದು ನಮ್ಮ ಮನಿ ಹೌದೋ ಅಲ್ಲೋ?" ಎಂದು ಕೇಳಿದ.

"ಕೇಳಕೋತ ಇರೂತನಕ ನಮ್ಮದು" ಎಂದಳು ಸುರೇಖಾ, ಸೂಜಿಗೆ ದಾರ ಪೋಣಿಸುತ್ತ. "ಅವರು ಕೊಟ್ರಂದ್ರ ನಾ ಗಿರಾಕಿ ಅಲ್ಲ. ಗಿರಾಕಿ ಅಲ್ಲದವರು ವಸತಿಗೃಹ ಬಿಡಬೇಕಂತ ನಿಯಮ ಐತಿ."

ಆತ ಸಮಾಧಾನಗೊಂಡು ಡ್ಯೂಟಿಗೆ ಹೋದ.

ಕಳೆದ ಶಿಬಿರಕ್ಕೆ ಬ್ಯಾಡಗಿಯ ಬಾಬಾಜಾನನೆಂಬ ಹಳೆಯ ದಲ್ಲಾಳಿ ಬಂದಿದ್ದ. ಸುರೇಖಾ ಕೇಳಿದ್ದನ್ನು ಕೇಳಿ ಆತ ಸಾಲು ಬಿಟ್ಟು ಮುಂದೆ ಬಂದ. "ಪಾಪ, ಎಷ್ಟ ಸಲ ಕೇಳ್ತಾರ್ರಿ ಅಕ್ಕಾರು. ನನ್ನ ಪದವಿ ಹೋದ್ರ ಹೋಗ್ಲಿ, ನಾಳೆ ನಾನ ಕೊಡಸ್ತೇನಿ" ಎಂದುಬಿಟ್ಟ.

ಕೊಟ್ರೇಶನ ಕೈ ಮುಗಿದಲ್ಲೇ ಉಳಿಯಿತು. ಲಾವಣಿ ಹಣ ಒಯ್ಯಲು ಬಂದಿದ್ದ ತಿರಕಪ್ಪ ಗೋಡೆ ಹಿಡಿದುಕೊಂಡ. ಸುರೇಖಾಳೇ ಮುಂದೆ ಬಂದು ಬಾಬಾಜಾನನಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಮೆತ್ತಗೆ ಹೇಳಿದಳು:

"ಕಾಕಾರ, ನೀವು ಮನಸ್ಸಿನಿಂದ ಛಲೋ ಮನಶಾರು. ಆದ್ರ ಇನ್ನೊಮ್ಮೆ ಪರೀಕ್ಷಾಕ್ಕ ಕುಂದ್ರಬೇಕಾಕ್ಕೈತಿ."

ಬಾಬಾಜಾನ ಕುಂತ. ಎರಡನೆಯ ಸಲ ಆಕೆ ಕೇಳಿದಾಗ ಆತ ಆಕಾಶ ನೋಡಿ, ಗಾಳಿ ಛಲೋ ಬೀಸುತ್ತಿದೆ ಎಂದ. ಕೊಟ್ರೇಶ ಪೂರ್ಣಾಂಕ ಕೊಟ್ಟ. ಸುರೇಖಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ನಿರಾಳವಾಗಿ ಮಷೀನು ತುಳಿಯತೊಡಗಿದಳು.